ಒಬ್ಬರ ಹೆಸರಿನಲ್ಲಿದ್ದ ನಮ್ಮೆಲ್ಲರ ಠೇವಣಿ

ಮಾನ್ಯ ಸಮಾಪನಾಧಿಕಾರಿಗಳೇ,

ಮುಚ್ಚಿಹೋದ ನಮ್ಮೂರ ಸಹಕಾರಿ ಬ್ಯಾಂಕಿನ ಲೆಕ್ಕ ತೀರಿಸುವ ಹೊಣೆ ಈಗ ನಿಮ್ಮದು. ದುಬೈಯಲ್ಲಿ ದುಡಿಯುವ ನಾವು ಮೂವತ್ತೊಂದು ಮಂದಿ ಅಲ್ಲಿಟ್ಟ ಹಣದ ಬಗ್ಗೆ ಕೇಳಿದಾಗ ನೀವು ಬರೆದ ಉತ್ತರ ಇಷ್ಟೇ: 'ದಾಖಲೆಯ ಪ್ರಕಾರ ಠೇವಣಿದಾರರು ಒಬ್ಬರೇ. ಉಳಿದವರ ಪತ್ರಗಳನ್ನು ಪರಿಗಣಿಸಲಾಗದು.' ದಾಖಲೆ ಸುಳ್ಳಲ್ಲ. ಆದರೆ ಅದನ್ನು ಹಾಗೆ ಬರೆಸಿದವರು ಯಾರೆಂದು ವಿಚಾರಿಸುವ ಕುತೂಹಲವೂ ನಿಮಗೆ ಹುಟ್ಟಲಿಲ್ಲವೇ?

ಆ ಒಬ್ಬ ಠೇವಣಿದಾರರು ಉಮ್ಮರಬ್ಬ. ಇಲ್ಲಿನ ದೇರಾ ಪೇಟೆಯ ಮಸಾಲೆ ಅಂಗಡಿಯಲ್ಲಿ ತಲೆ ನರೆಯುವವರೆಗೆ ದುಡಿದವರು, ನಮಗೆಲ್ಲ ಉಮ್ಮರಾಕ. ಇಲ್ಲಿಂದ ಯಾರಾದರೂ ರಜೆಗೆ ಹೊರಟರೆ ಉಳಿದವರು ತಂತಮ್ಮ ಮನೆಗೆ ಮುಟ್ಟಿಸಬೇಕಾದ ಪೊಟ್ಟಣಗಳನ್ನು ಹಾಗೆ ಹೊರಟವರ ಕೈಗೆ ಕೊಡುವುದು ರೂಢಿ. ಕೆಲವರು ಮುಖ ಸಿಂಡರಿಸುತ್ತಾರೆ, ಕೆಲವರು ಹೊರಡುವ ದಿನವನ್ನೇ ಮುಚ್ಚಿಡುತ್ತಾರೆ. ಉಮ್ಮರಾಕನ ಪೆಟ್ಟಿಗೆಯಲ್ಲಿ ಮಾತ್ರ ಅವರದೆಂದು ಎರಡು ಅಂಗಿ. ಮಿಕ್ಕಿದ್ದೆಲ್ಲ ಬೇರೆಯವರ ಖರ್ಜೂರ, ಹಾಲಿನ ಪುಡಿ, ಮೊಮ್ಮಕ್ಕಳ ಶೂ. ಒಂದು ಪೊಟ್ಟಣವೂ ಮನೆ ತಲುಪದೆ ಉಳಿದದ್ದಿಲ್ಲ. ಆದ್ದರಿಂದಲೇ, ಕೆಲಸ ಕಳೆದುಕೊಂಡವರಿಗೆ ನೆರವಾಗಲು, ತೀರಿಕೊಂಡವರನ್ನು ಊರಿಗೆ ಕಳಿಸಲು ನಾವು ಕೂಡಿಸಿದ ನಿಧಿಯನ್ನೂ ಅವರ ಕೈಗೇ ಕೊಟ್ಟೆವು.

ಇದು ನಮ್ಮ ದಡ್ಡತನ ಎಂದು ನೀವು ಹೇಳಬಹುದು. ಹಾಗಿದ್ದರೆ ನಿಮ್ಮ ಕಡತದಲ್ಲಿಲ್ಲದ ಒಂದು ಸಂಜೆಯ ಬಗ್ಗೆ ಕೇಳಿ. ಬ್ಯಾಂಕಿನ ಆಗಿನ ಅಧ್ಯಕ್ಷರು ಪ್ರತಿ ರಂಜಾನಿನಲ್ಲಿ ಠೇವಣಿ ಕೇಳಲು ಇಲ್ಲಿಗೆ ಬರುತ್ತಿದ್ದರು. ಅಲ್ ಮುರಕ್ಕಬಾತ್‌ನ ಹೋಟೆಲಿನಲ್ಲಿ ಇಫ್ತಾರ್ ಮುಗಿದ ಮೇಲೆ ಉಮ್ಮರಾಕ ತಾವಾಗಿಯೇ ಹೇಳಿದರು: "ಸರ್, ಈ ಠೇವಣಿಯನ್ನು ಎಲ್ಲರ ಹೆಸರಲ್ಲಿ ಬೇರೆ ಬೇರೆ ಮಾಡಿ. ನಾನು ನಾಳೆ ಉಂಟೋ ಇಲ್ವೋ."

ಕಾರ್ಗೋ ಕಚೇರಿಯ ಹಾಶಿಮ್ ಕೂಡ ದನಿಗೂಡಿಸಿದ. ಅಧ್ಯಕ್ಷರು ನಕ್ಕರು. "ಎಂಥ ಮಾರಾಯ, ಉಮ್ಮರಾಕನ ಮೇಲೆಯೂ ನಿನಗೆ ಡೌಟಾ? ಇಷ್ಟು ಜನರ ಕಾಗದಪತ್ರ ಯಾರು ಮಾಡುವುದು? ಒಂದು ಹೆಸರು ಸಾಕು. ಖಲಾಸ್!"

ಎಲ್ಲರೂ ನಕ್ಕರು. ಹಾಶಿಮ್ ತಲೆ ತಗ್ಗಿಸಿ ಸಮೋಸಾ ಮುರಿದ.

ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಸಿಗುವುದು ತಲಾ ಐದು ಲಕ್ಷದವರೆಗೆ ಎಂಬುದು ಅಧ್ಯಕ್ಷರಿಗೆ ತಿಳಿದಿರಲಿಲ್ಲವೇ? ನಮ್ಮ ನಿಧಿ ಇಪ್ಪತ್ತನಾಲ್ಕು ಲಕ್ಷ. ಮೂವತ್ತೊಂದು ಹೆಸರುಗಳಲ್ಲಿದ್ದರೆ ಪೂರ್ತಿ ಮರಳುತ್ತಿತ್ತು. ಒಂದೇ ಹೆಸರಿಗೆ ಬಂದದ್ದು ಐದು. ಉಮ್ಮರಾಕ ಅದನ್ನು ಅದೇ ವಾರ ಎಲ್ಲರಿಗೂ ಹಂಚಿದರು. ನಮ್ಮ ವಿಶ್ವಾಸವನ್ನೇ ತೋರಿಸಿ ನಮ್ಮ ಬಾಯಿ ಮುಚ್ಚಿಸಿದ ಜಾಣ್ಮೆಯನ್ನು ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ? ಕಾಗದಪತ್ರದ ಅನುಕೂಲವೆಂದೇ?

ಊರಿನಲ್ಲಿ ಸುದ್ದಿ ಬೇರೆಯೇ ಹಬ್ಬಿತು: "ಇಪ್ಪತ್ತನಾಲ್ಕು ಲಕ್ಷ ವಿಮೆ ದುಡ್ಡು ಪೂರಾ ಉಮ್ಮರಬ್ಬನ ಖಾತೆಗೆ ಬಂತಂತೆ." ನಿಜ ಬರೆದುಕೊಡಿ ಎಂದು ಅವರು ಕಳೆದ ರಜೆಯಲ್ಲಿ ನಿಮ್ಮ ಕಚೇರಿಗೆ ಬಂದರು. "ಸಮಾಪನೆ ಮುಗಿಯಲಿ, ಆಮೇಲೆ ಬನ್ನಿ" ಎಂದು ಕಳಿಸಿದಿರಿ. ಊರಿನ ಸುದ್ದಿ ಇಲ್ಲಿಗೂ ಮುಟ್ಟಿದ್ದರಿಂದ ಆ ಪ್ರಯಾಣಕ್ಕೆ ಪೊಟ್ಟಣ ಹಿಡಿದು ಅವರ ಕೋಣೆಗೆ ಬಂದವರು ನನ್ನ ಹೊರತು ಯಾರೂ ಇರಲಿಲ್ಲ. ಊರಿನಲ್ಲಿರುವ ತಾಯಿಗೆ ಮುಟ್ಟಿಸಬೇಕಾದ ಔಷಧಿ ಕೊಡಲು ನಾನು ಹೋದಾಗ ಅವರು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು. "ನೋಡು ಮಗಳೇ, ಮಕ್ಕಳೂ ಹೊರಬಹುದು ಇದನ್ನು." ನಗಲು ನೋಡಿದರು, ಆಗಲಿಲ್ಲ.

ಮುಂದಿನ ತಿಂಗಳು ಅವರ ವೀಸಾ ರದ್ದಾಗುತ್ತದೆ. ಈ ಸಲ ಅವರು ಹೋಗುವುದು ರಜೆಗಲ್ಲ, ಅದೇ ಊರಿನಲ್ಲಿ ಬದುಕಲು. ಉಳಿದ ಹಣ ನೀವು ಆಸ್ತಿ ಮಾರಿದ ಮೇಲೆ ಬರಲಿ, ಬಾರದಿರಲಿ, ಅದಕ್ಕೆ ಕಾಯುತ್ತೇವೆ. ಇದಕ್ಕೆ ಕಾಯಲಾರೆವು: ಬ್ಯಾಂಕ್ ಮುಚ್ಚಿದ ದಿನ ಉಮ್ಮರಬ್ಬರ ಹೆಸರಿನ ಇಪ್ಪತ್ತನಾಲ್ಕು ಲಕ್ಷವೂ ಪೂರ್ತಿ ಠೇವಣಿಯಲ್ಲೇ ಇತ್ತು, ವಿಮೆಯಿಂದ ಬಂದದ್ದು ಐದು ಲಕ್ಷ ಮಾತ್ರ, ಬಾಕಿ ಬ್ಯಾಂಕಿನಿಂದಲೇ ಬರಬೇಕು ಎಂದು ನಿಮ್ಮ ಸಹಿ, ಮೊಹರಿನೊಂದಿಗೆ ಬರೆದುಕೊಡಿ. ಅದರ ಪ್ರತಿಗಳನ್ನು ಮೂವತ್ತೊಂದು ಮನೆಗಳಿಗೂ ಹಂಚಬೇಕಾಗಿದೆ. ಅಂಚೆಯ ಖರ್ಚು ನಿಮಗೆ ಬೇಡ, ಉಮ್ಮರಾಕನ ಪೆಟ್ಟಿಗೆಯಲ್ಲೇ ಕೊಟ್ಟು ಕಳಿಸುತ್ತೇವೆ. ತಲುಪುತ್ತವೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಏನನ್ನೂ ಕಳೆದುಕೊಳ್ಳದ,
ಖೈರುನ್ನಿಸ
ಜುಮೇರಾ ಲೇಕ್ ಟವರ್ಸ್, ದುಬೈ