ಹಿತ್ತಲದಾಗಿನ ಕೋಳಿ, ನಳದ ಜಳಕಾ

ಐತವಾರ, ೧೧ ಜನವರಿ

ಜಳಕಾ ಮಾಡಂಗಿಲ್ಲ. ಯಾರು ಏನ ಅನ್ನಲಿ, ಇವತ್ತ ಮಾಡಂಗಿಲ್ಲ.

ನಮ್ಮ ಮನ್ಯಾಗ ತತ್ತಿ ಸೈತ ತರೂದಿಲ್ಲ. ನಮ್ಮ ಮನಿಯವರು ಮಾತ್ರ ಐತವಾರಕ್ಕೊಮ್ಮೆ ಧಾಬಾದಾಗ ಕೋಳಿ ತಿಂದು, ವಾಸನಿ ಹೋಗಾಕ ಬಡೇಸೋಪು ಅಗಕೋತ ಸೀದಾ ಒಳಗ ಬರ್ತಾರ. ಅತ್ತಿಯವರಿಗೂ ಗೊತ್ತೈತಿ. ಯಾರೂ ಬಾಯಿ ಬಿಡೂದಿಲ್ಲ.

ಇವತ್ತ ನಾನ ಒಂದು ಇಡೀ ಕೋಳಿ ತಂದೆ. ಹಿತ್ತಲದಾಗ ಇಟ್ಟಂಗಿ ಇಟ್ಟು, ಕಬ್ಬಿಣದ ಜಾಳಿ ಹಾಕಿ, ಇದ್ದಲಿ ಹೊತ್ತಿಸಿದೆ. ಮೊಸರು, ಖಾರ, ನಮ್ಮ ಕಿರಾಣಿ ಅಂಗಡೀದ ಅರಿಶಿಣ. ಮ್ಯಾಲೆ ಕರಕಾತು, ಒಳಗ ಹಸೀನ ಉಳೀತು. ಕೆಂಡ ಬಾಜೂಕ ಸರಿಸಿ, ಕೋಳಿ ಮ್ಯಾಲ ಕಬ್ಬಿಣದ ಬುಟ್ಟಿ, ಘಮೇಲಿ, ಬೋರಲ ಹಾಕಿ ಕಾಯ್ದೆ. ಬೆಂದಮ್ಯಾಲ ಒಂದು ಕಾಲು ಮುರದು ನಿಂತಲ್ಲೇ ತಿಂದೆ. ಉಪ್ಪು ಕಡಿಮಿ ಆಗಿತ್ತು. ಆದ್ರೂ ಬಿಡಲಿಲ್ಲ.

ಅತ್ತಿಯವರು ಮೂಗಿಗೆ ಸೆರಗು ಹಿಡಕೊಂಡು ಹಿತ್ತಲ ಬಾಗಲದಾಗ ನಿಂತ್ರು. "ನಳದ ಕೆಳಗ ತಲಿ ಮ್ಯಾಲ ನೀರು ಹಾಕ್ಕೊಂಡ ಒಳಗ ಬಾ. ಇಲ್ಲಾಂದ್ರ ಹೊರಗ ಇರು."

ಅಷ್ಟರಾಗ ಇವರು ಬಂದ್ರು. ಬಾಯಾಗ ಬಡೇಸೋಪು.

"ಹಂಗಾದ್ರ ಮೊದಲ ನಿಮ್ಮ ಮಗಾ ಹಾಕ್ಕೊಳ್ಳಲ್ರಿ. ಅವರೂ ಈಗ ತಿಂದ ಬಂದಾರ," ಅಂದೆ.

ಇವರು ಅವ್ವನ ಮಾರಿ ನೋಡಿದ್ರು. ಅತ್ತಿಯವರು ಮಗನ ಕಡೆ ತಿರುಗಿ, "ಅಜಿತಾ, ಬಕೀಟ ತಗೋ" ಅಂದ್ರು.

ಈ ಥಂಡ್ಯಾಗ ಇವರು ನಳದ ಕೆಳಗ ನೀರು ಹಾಕ್ಕೊಂಡು, ಅಂಗಿ ಸೈತ ತೊಯ್ಸಿಕೊಂಡ್ರು. ಈಗ ಹೊಚ್ಚಿಕೊಂಡು ನಡಗಾಕತ್ತಾರ.

ನಾ ಒಣಾ ತಲೀಲೆ ಸೀದಾ ಒಳಗ ಬಂದು ಅಡಗಿ ಮನ್ಯಾಗ ಕುಂತೇನಿ. ಕೂದಲೆಲ್ಲಾ ಹೊಗಿ ವಾಸನಿ. "ನೀ ಯಾವಾಗ?" ಅಂತ ಅತ್ತಿಯವರು ಈಗಷ್ಟ ಬಂದು ಕೇಳಿದ್ರು.

"ಇವರದು ಹಿಂದಿನ ಎಷ್ಟೋ ಐತವಾರದ ಜಳಕಾ ಇನ್ನೂ ಬಾಕಿ ಅದಾವ್ರಿ. ಅವೆಲ್ಲಾ ತೀರ್ಲಿ, ಆಮ್ಯಾಲ ನನ್ನ ಪಾಳಿ," ಅಂದೆ.