ಸೂರಿನ ಮೇಲೆ ಸಿಕ್ಕ ಹಾಲುಹಲ್ಲು

ಚಿತ್ರದುರ್ಗ,
ಎರಡನೇ ಶ್ರಾವಣದ ನಲವತ್ತೊಂದನೇ ದಿನ, ೨೪೩೧

ಹೆಸರು ತಿಳಿಯದ ಹಲ್ಲಿನ ಡಾಕ್ಟರಿಗೆ ಹಾಲಮ್ಮನ ನಮಸ್ಕಾರಗಳು.

ನಾನು ನಿಮಗಿಂತ ನಾನೂರು ವರ್ಷ ಆಮೇಲಿನವಳು. ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ, ಮಾತೂ ಸ್ವಲ್ಪ ಬೇರೆ. ಅರ್ಥವಾಗದಿದ್ದಲ್ಲಿ ಕ್ಷಮಿಸಿ. ನಾನೂ ಹಲ್ಲು ನೋಡುವವಳೇ, ಹಾಗಾಗಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬೆಳಗ್ಗೆ ಎದ್ದವರು ಮೊದಲು ಮಾಡುವ ಕೆಲಸ ಕನ್ನಡಿತಿಕ್ಕು. ಅಂದರೆ ಎದುರಿಗಿದ್ದವರ ಮುಖ ಕಾಣುವಷ್ಟು ಹಲ್ಲು ಹೊಳೆಯಿಸುವುದು. ಮಂಕು ಹಲ್ಲಿನವರನ್ನು ಮದುವೆಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ. ನಗಬೇಡಿ, ನಿಮ್ಮ ಕಾಲದಲ್ಲೂ ಇಂಥ ಹುಚ್ಚುಗಳಿದ್ದವಂತೆ. ಈಗ ಹಲ್ಲು ಮುರಿದರೆ ಹಲ್ಲುಗಂಜಿ ಹಚ್ಚುತ್ತೇವೆ. ಅದು ಬೆಳಕು ಬಿದ್ದರೆ ಗಟ್ಟಿಯಾಗುವ ಅಂಟು. ಹಚ್ಚುವುದೇನೋ ಸುಲಭ, ನಿಲ್ಲುವುದೇ ಕಷ್ಟ.

ನನ್ನ ಮಗಳು ನಿಂಗಿ ಜಾರಿಬಿದ್ದು ಮುಂದಿನ ಹಲ್ಲಿನ ತುದಿ ಮುರಿಯಿತು. ನಾನು ಹಚ್ಚಿದ ಗಂಜಿ ಒಮ್ಮೆ ರೊಟ್ಟಿಯ ಜೊತೆ ಬಂತು, ಇನ್ನೊಮ್ಮೆ ಸೀನಿದಾಗ ಹಾರಿಹೋಯಿತು. ಹೊಳಪು ಸಾಲದೇನೋ ಎಂದು ಇನ್ನಷ್ಟು ತಿಕ್ಕಿದೆ. ಮಗು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿತು. ಆಮೇಲೆ ನಗುವುದನ್ನೇ ಬಿಟ್ಟಿತು. ಊರಿನ ಹಲ್ಲೆಲ್ಲ ನೋಡುವ ನನಗೆ ಮಗಳ ಒಂದು ಹಲ್ಲು ಸರಿಮಾಡಲಾಗಲಿಲ್ಲ.

ಆಗ ನಿಮ್ಮ ಕಾಲದ ಒಂದು ಮನೆ ಕೆಡವುವಾಗ, ಸೂರಿನ ಸಂದಿಯಲ್ಲಿ ಮಗುವಿನ ಹಾಲುಹಲ್ಲೊಂದು ಸಿಕ್ಕಿತು. ಬಿದ್ದ ಹಲ್ಲನ್ನು ಸೂರಿನ ಮೇಲೆ ಎಸೆಯುವ ಪದ್ಧತಿ ನಿಮಗೂ ಇತ್ತಲ್ಲ! ಆ ಹಲ್ಲಿನಲ್ಲಿ ನೀವು ತುಂಬಿದ ಬಿಳಿ ಅಂಟು ಇನ್ನೂ ಕೂತಿತ್ತು. ಮಸೂರದಲ್ಲಿ ನೋಡಿದರೆ ಅದರ ಅಂಚಿನಲ್ಲಿ ಹಲ್ಲಿನ ಮೇಲ್ಪದರವಾದ ಎನಾಮಲ್ ತುಂಬ ಜೇನುಗೂಡಿನಂಥ ಸಣ್ಣ ಗುಳಿಗಳು, ಗುಳಿಗುಳಿಯೊಳಗೂ ಅಂಟು ಇಳಿದು ಹಿಡಿದುಕೊಂಡಿದೆ. ಉಜ್ಜಿದರೆ ಇಂಥ ಗುಳಿ ಬೀಳುವುದಿಲ್ಲ. ಅದು ಆಮ್ಲದ ಕೆಲಸ. ಅಂಟು ಕೂರಲೆಂದು ನೀವು ಬೇಕೆಂದೇ ಹಲ್ಲನ್ನು ತುಸು ಒರಟು ಮಾಡಿದ್ದಿರಿ.

ನಾನೂ ಆಮ್ಲ ಹಚ್ಚಿ, ಕೊಂಚ ಕಾದು, ತೊಳೆದು ಒಣಗಿಸಿದೆ. ಹಲ್ಲು ಸೀಮೆಸುಣ್ಣದ ಹಾಗೆ ಬೆಳ್ಳಗೆ ಮಂಕಾಯಿತು. ಮಗಳ ಹಲ್ಲು ಹಾಳು ಮಾಡಿದೆನೆಂದು ಗಾಬರಿಯಲ್ಲಿ ತಿಕ್ಕಿ ಹೊಳಪು ತಂದೆ. ಗಂಜಿ ಮತ್ತೆ ಬಿತ್ತು. ಮುಂದಿನ ಸಲ ಆಮ್ಲ ಹಚ್ಚಿದಾಗಲೂ ಕೈ ತಿಕ್ಕುಬಟ್ಟೆಯ ಕಡೆಗೇ ಹೋಯಿತು. ನಿಂಗಿ ಗಟ್ಟಿಯಾಗಿ ಕೈ ಹಿಡಿದಳು: "ಅವ್ವಾ, ತಿಕ್ಕಬ್ಯಾಡ! ಬೆಳ್ಳಗಿದ್ರೆ ಇರ್ಲಿ ಬಿಡು."

ಬಿಟ್ಟೆ. ಗಂಜಿ ಕೂತಿತು. ಮಂಕೂ ಅದರಡಿ ಮರೆಯಾಯಿತು. ಬೇಡವೆಂದರೂ ಕೇಳದೆ ಕಬ್ಬು ಕಚ್ಚಿದಳು, ಅಲುಗಲಿಲ್ಲ. ಈಗ ಅವಳ ನಗು ಬೀದಿಯ ತುದಿಗೆ ಕೇಳುತ್ತದೆ. ನನಗೆ ಬೇರೇನೂ ಬೇಡ.

ಡಾಕ್ಟರೇ, ಆ ಹಾಲುಹಲ್ಲು ಎರಡು ಮೂರು ವರ್ಷದಲ್ಲಿ ಬೀಳುವಂಥದ್ದಾಗಿತ್ತು. ನೀವು ಏನೋ ಒಂದು ಮೆತ್ತಿ ಕಳಿಸಿದ್ದರೂ ಕೇಳುವವರಿರಲಿಲ್ಲ. ಹಾಗೆ ಮಾಡಲಿಲ್ಲ. ನಾಳೆ ಇನ್ನೊಂದು ಮಗು ಬಂದು ಬಾಯಿ ತೆರೆದಾಗಲೂ, ಬೀಳುವ ಹಲ್ಲು ತಾನೇ ಎನ್ನಬೇಡಿ. ಇಷ್ಟೇ ನನ್ನ ಕೋರಿಕೆ.

ಸೂರಿನಲ್ಲಿ ಸಿಕ್ಕ ಆ ಹಲ್ಲನ್ನು ನಾನು ಇಟ್ಟುಕೊಳ್ಳಬೇಕೆಂದಿದ್ದೆ. ನಿಂಗಿ ಬಿಡಲಿಲ್ಲ. ಮುಂದಿನ ಕಾಲದವರಿಗೂ ಬೇಕಾದೀತೆಂದು ನಮ್ಮ ಸೂರಿನ ಮೇಲೆ ಎಸೆದುಬಿಟ್ಟಳು.