ಮಂಗಳವಾರದ ಹೊಟ್ಟೆನೋವು

ಹದಿನೆಂಟನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕ,

ಈ ಬೆಳಿಗ್ಗೆ ಬಟ್ಟೆ ಒಣಗಿಸುವ ತಂತಿಯ ಮೇಲೆ ಬಿಸಿನೀರಿನ ಚೀಲ ತಲೆಕೆಳಗಾಗಿ ನೇತಾಡುತ್ತಿತ್ತು. ಎರಡು ಕ್ಲಿಪ್ಪು ಹಾಕಿ, ಬಾಯಿ ಬಿಚ್ಚಿ, ಒಳಗಿನ ನೀರು ಇಳಿದುಹೋಗಲಿ ಎಂದು ಯಾರೋ ನೇತುಹಾಕಿದ್ದರು. ಇಷ್ಟು ದಿನ ಅದನ್ನು ಒಣಗಿಸುತ್ತಿದ್ದವಳು ನಾನೊಬ್ಬಳೇ.

ನೀನು ಬರೆದು ಎಷ್ಟೋ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಏನೆಂದು ಬರೆಯುವುದು ಎಂದು ತೋಚಲಿಲ್ಲ. ಬೇರೆ ಊರಿನ ಪ್ರಕಾಶಕರಲ್ಲಿ ಕರಡು ತಿದ್ದುವ ಆ ಕೆಲಸಕ್ಕೆ ಎರಡನೇ ಸಲವೂ ಹೋಗಲಾಗಲಿಲ್ಲ. ಪೆಟ್ಟಿಗೆ ಕಟ್ಟಿಟ್ಟ ಮೇಲೆ ಮೊದಲಿನ ಹಾಗೆಯೇ ಹೊಟ್ಟೆ ಹಿಡಿದುಕೊಂಡಿತು. ಪ್ರಕಾಶಕರು ಒಳ್ಳೆಯವರು, ಮುಂದಿನ ಒಂದನೇ ತಾರೀಖಿನ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಾರೆ.

ಡಾಕ್ಟರು ಸ್ಕ್ಯಾನು ಗೀನು ಎಲ್ಲ ಮಾಡಿಸಿ, "ಹೊಟ್ಟೇಲಿ ಏನೂ ಇಲ್ಲಮ್ಮ" ಅಂದರು. ಕುಟುಂಬ ಸಲಹೆ ಕೊಡುವ ಒಬ್ಬರ ಹತ್ತಿರ ಮೂವರೂ ಹೋಗಿ ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ನಿಮ್ಮಪ್ಪನಿಗೆ ಹೇಳು, ಅಂಗಡಿಗೆ ಅರ್ಧ ದಿನ ರಜ ಹಾಕಬೇಕಂತೆ ಅಂತ" ಅಂದಳು. ಅಪ್ಪ ಪಕ್ಕದಲ್ಲೇ ಕೂತು ಯಾರದೋ ಕನ್ನಡಕದ ತಿರುಪು ಬಿಗಿಯುತ್ತಿದ್ದರು. "ನಿಮ್ಮಮ್ಮನಿಗೆ ಹೇಳು, ಕೇಳಿಸ್ತು ಅಂತ."

ಸಲಹೆಗಾರ್ತಿಯದು ಮಹಡಿಯ ಮೇಲೆ ಪುಟ್ಟ ಕೋಣೆ, ಮೂರು ಬೆತ್ತದ ಕುರ್ಚಿ. ಬಾಲ್ಯ, ಕನಸು ಅಂತೆಲ್ಲ ಕೆದಕುತ್ತಾರೆ ಎಂದು ನಾನು ಹೆದರಿದ್ದೆ. ಅವರು ಹಳೆಯದರ ಗೋಜಿಗೇ ಹೋಗಲಿಲ್ಲ. "ಇವಳಿಗೆ ನೋವು ಬಂದಾಗ ನೀವಿಬ್ರೂ ಏನು ಮಾಡ್ತೀರಿ?" ಎಂದಷ್ಟೇ ಕೇಳಿದರು.

"ನಾನು ನೀರು ಕಾಯಿಸಿ ಚೀಲಕ್ಕೆ ಸುರೀತೀನಿ" ಅಂದರು ಅಪ್ಪ.

"ಚೀಲ ಹಿಡ್ಕೊಳ್ಳೋದು ನಾನು" ಅಂದಳು ಅಮ್ಮ.

"ಆವಾಗ ಮಾತಾಡ್ತೀರಾ?"

"ಮಾತಾಡದೆ ಕುದಿಯೋ ನೀರು ಹುಯ್ಯೋಕಾಗುತ್ತಾ? ಸಾಕು, ನಿಲ್ಸಿ ಅನ್ನದೆ ಇದ್ರೆ ಕೈ ಸುಡುತ್ತೆ" ಎಂದು ಅಮ್ಮನೇ ಹೇಳಿದಳು.

ಸಲಹೆಗಾರ್ತಿ ನನ್ನ ಕಡೆ ತಿರುಗಿ, "ಹಾಗಿದ್ರೆ ಈ ನೋವು ಸದ್ಯಕ್ಕೆ ಹೋಗೋದು ಬೇಡ" ಅಂದರು. ಪ್ರತಿ ಮಂಗಳವಾರ ಸಂಜೆ ನನಗೆ ಹೊಟ್ಟೆನೋವು ಬರಬೇಕು. ಬರದಿದ್ದರೆ ಬಂದ ಹಾಗೆ ನಟಿಸಬೇಕು. ಅದು ನಿಜವೋ ನಾಟಕವೋ ಎಂದು ಅಪ್ಪ ಅಮ್ಮ ಮಾತಾಡಿಕೊಂಡು ತೀರ್ಮಾನಿಸಬೇಕು. ನನ್ನನ್ನು ಕೇಳುವ ಹಾಗಿಲ್ಲ, ನಾನು ಬಾಯಿ ಬಿಡುವ ಹಾಗಿಲ್ಲ.

ಮೆಟ್ಟಿಲಿಳಿಯುವಾಗ ಅಪ್ಪ ಗೊಣಗಿದರು: "ನೋವು ಅಂತ ಹೋದ್ರೆ ನೋವನ್ನೇ ಇಟ್ಕೊಳ್ಳಿ ಅಂತಾರೆ. ಆ ಡಾಕ್ಟ್ರೇ ವಾಸಿ, ಮಾತ್ರೆನಾದ್ರೂ ಕೊಡ್ತಿದ್ರು."

ಮಂಗಳವಾರ ಬಂತು. ನೋವಿರಲಿಲ್ಲ. ಕಾಲೇಜಿನಲ್ಲಿ ಪದ್ಯ ಓದಲು ನಿಂತರೇ ಬೆವರುತ್ತಿದ್ದವಳು ನಾನು, ನಟನೆ ಹೇಗಿದ್ದೀತು ನೀನೇ ಯೋಚಿಸು. ಮಂಚದ ಮೇಲೆ ಮುದುಡಿ ಮಲಗಿ ಒಂದೆರಡು ಸಲ ನರಳಿದೆ. ಅಪ್ಪ ಒಲೆಯ ಮೇಲೆ ನೀರಿಟ್ಟು ಬಂದರು. ಅಮ್ಮ ನನ್ನತ್ತ ಬಗ್ಗಿ, "ನಿಮ್ಮಪ್ಪನಿಗೆ ಹೇಳು, ಇದು ನಾಟಕ ಅಂತ" ಅಂದಳು.

ನಾನು ಕಣ್ಣು ಮುಚ್ಚಿಕೊಂಡೆ. ಕೊನೆಗೆ ಅಮ್ಮನೇ ತಿರುಗಿದಳು.

"ಕೇಳಿಸ್ತೇನ್ರೀ? ಇದು ನಾಟಕ."

"ನೋವಿಲ್ದೆ ಹಾಗೆ ಮುಖ ಮಾಡ್ತಾಳಾ?"

"ಅವಳ ಮುಖ ಯಾವಾಗ್ಲೂ ಹಾಗೇ."

"ನಿನ್ನದೇ ಅಲ್ವಾ ಮುಖ."

"ಮೂಗು ಯಾರದು? ಆ ಮೂಗು ನಮ್ಮ ಕಡೆ ಯಾರಿಗೂ ಇಲ್ಲ."

ಮೂಗಿನಿಂದ ನಮ್ಮ ಸೋದರತ್ತೆಗೆ, ಅತ್ತೆಯಿಂದ ಆಕೆಯ ಮಗನ ಮದುವೆಯಲ್ಲಿ ಅಮ್ಮನನ್ನು ಯಾರೂ ಊಟಕ್ಕೆ ಕರೆಯದೆ ಹೋದದ್ದಕ್ಕೆ ಮಾತು ಹೋಯಿತು. "ಅದನ್ನ ಆವತ್ತೇ ಹೇಳ್ಬಾರದಿತ್ತಾ?" ಅಂದರು ಅಪ್ಪ. "ಹೇಳಿ ಕಳಿಸಿದ್ದೆನಲ್ಲ!" ಅಂದಳು ಅಮ್ಮ. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದ್ದು ರೆಪ್ಪೆಯ ಸಂದಿಯಿಂದ ಕಂಡಿತು.

ನೀರೆಲ್ಲ ಇಂಗಿ ಪಾತ್ರೆ ಸೀಯುವ ವಾಸನೆ ಬಂತು. ನಾನೇ ಎದ್ದು ಹೋಗಿ ಒಲೆ ಆರಿಸಿದೆ. ಒಂದು ಬಾಳೆಹಣ್ಣು ಸುಲಿದುಕೊಂಡು ಬಾಗಿಲಲ್ಲಿ ನಿಂತು ತಿಂದೆ. ರೋಗಿ ಎದ್ದಿದ್ದಾಳೆ ಎನ್ನುವುದು ಇಬ್ಬರ ಗಮನಕ್ಕೂ ಬರಲಿಲ್ಲ. ನಾನಿಲ್ಲದೆಯೂ ಅವರ ಜಗಳ ಚೆನ್ನಾಗಿಯೇ ನಡೆಯುತ್ತಿತ್ತು. ಹಗುರವಾಯಿತು, ಸ್ವಲ್ಪ ಕಸಿವಿಸಿಯೂ ಆಯಿತು.

ಆಮೇಲಿನ ಮಂಗಳವಾರಗಳಲ್ಲೂ ಅಷ್ಟೇ. ಮೊನ್ನೆ ನಾನು ಗ್ರಂಥಾಲಯದಿಂದ ತಡವಾಗಿ ಬಂದೆ, ನಟಿಸುವುದು ಮರೆತೇಹೋಗಿತ್ತು. ಅವರಿಬ್ಬರೂ ಅಡುಗೆಮನೆಯಲ್ಲಿ ಕೂತು, ಇವಳು ಹೋದ ವಾರ ನರಳಿದ್ದು ನಿಜವೋ ಸುಳ್ಳೋ ಎಂದು ಇನ್ನೂ ವಾದಿಸುತ್ತಿದ್ದರು.

ಭಾವನಿಗೆ ನಮಸ್ಕಾರ ತಿಳಿಸು. ಪಾಪುವಿನ ಹಲ್ಲು ಬಂತೇ? ಚಿಕ್ಕಮ್ಮ ಮುತ್ತು ಕೊಟ್ಟಳೆಂದು ಹೇಳು. ಎಲ್ಲರೂ ಆರೋಗ್ಯವಾಗಿರಿ.

ನಿನ್ನ
ಚಿಕ್ಕಿ

ತಾಜಾ ಕಲಂ: ಮದುವೆಗೆ ಮುಂಚೆ ನಿನಗೆ ತಲೆನೋವು ಬರುತ್ತಿತ್ತು. ಅಪ್ಪ ಒದ್ದೆಬಟ್ಟೆ ಹಿಂಡಿ ಕೊಡುತ್ತಿದ್ದರು, ಅಮ್ಮ ನಿನ್ನ ಹಣೆಗೆ ಹಾಕುತ್ತಿದ್ದಳು. ನೀನು ಗಂಡನ ಮನೆಗೆ ಹೋದ ವಾರವೇ ನನ್ನ ಹೊಟ್ಟೆನೋವು ಶುರುವಾದದ್ದು. ನಿನಗೆ ಆಮೇಲೆ ತಲೆನೋವು ಬಂದದ್ದನ್ನು ನಾನು ಕೇಳಿಲ್ಲ. ಕಾರು ಹತ್ತುವ ಮುಂಚೆ ನೀನು ನನ್ನ ಕಿವಿಯಲ್ಲಿ, "ಇನ್ಮೇಲೆ ಇವರನ್ನ ನೀನೇ ನೋಡ್ಕೋಬೇಕು" ಅಂದೆ. ಅಡುಗೆ, ಔಷಧಿ ನೋಡಿಕೊಳ್ಳುವ ಮಾತು ಎಂದುಕೊಂಡಿದ್ದೆ. ನಿನಗೆ ಗೊತ್ತಿತ್ತು, ಅಲ್ಲವೇ? ಉತ್ತರ ಬರೆಯುವುದಾದರೆ ಪ್ರಕಾಶಕರ ವಿಳಾಸಕ್ಕೆ ಬರೆ, ಒಂದನೇ ತಾರೀಖಿನಿಂದ ನಾನು ಅಲ್ಲಿರುತ್ತೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಾಳೆ ಅಮ್ಮನಿಗೆ ಮಾತ್ರ ಹೇಳುತ್ತೇನೆ. ಅಪ್ಪನಿಗೆ ಅವಳೇ ಹೇಳಲಿ.